ಸೋತೂ ಸ್ವತಂತ್ರವಾದ ಸರ್ಬಿಯಾ

1876ರ ಅಕ್ಟೋಬರ್ ಕೊನೆಯಲ್ಲಿ ಸರ್ಬಿಯಾದ ಸೈನ್ಯ ಜುನಿಸ್ ಎಂಬ ಹಳ್ಳಿಯ ಬಳಿ ಚೆಲ್ಲಾಪಿಲ್ಲಿಯಾಯಿತು. ಆಟೋಮನ್ ತುರ್ಕರ ಪಡೆಗಳಿಗೆ ರಾಜಧಾನಿ ಬೆಲ್‌ಗ್ರೇಡಿನ ದಾರಿ ತೆರೆದುಕೊಂಡಿತು. ಇದಾಗಿ ಎರಡು ವರ್ಷ ತುಂಬುವ ಮೊದಲೇ, 1878ರ ಜುಲೈನಲ್ಲಿ, ಅದೇ ಸರ್ಬಿಯಾ ಸ್ವತಂತ್ರ ರಾಷ್ಟ್ರವೆಂದು ಯುರೋಪಿನ ದೊಡ್ಡ ಶಕ್ತಿಗಳೆಲ್ಲ ಸಹಿ ಹಾಕಿದವು. ಅದರ ನೆಲವೂ ಹಿಗ್ಗಿತು.

ಸೋತವರಿಗೆ ಇದೆಲ್ಲ ದಕ್ಕಿದ್ದು ಹೇಗೆ? ಬಾಲ್ಕನ್ ಚರಿತ್ರೆಯನ್ನು ಮೊದಲ ಸಲ ಓದುವವರು ಈ ಒಂದು ಪ್ರಶ್ನೆಯನ್ನು ಬಿಡದೆ ಹಿಡಿದುಕೊಂಡರೆ ಸಾಕು. ಬಾಯಿಗೆ ಸಲೀಸಾಗಿ ಬಾರದ ಹೆಸರುಗಳು, ಒಂದರ ಮೇಲೊಂದು ಬರುವ ಒಪ್ಪಂದಗಳು ತಾವಾಗಿಯೇ ತಮ್ಮ ಜಾಗದಲ್ಲಿ ಕೂರುತ್ತವೆ. ನಿಧಾನವಾಗಿ ಹೋಗೋಣ. ಯುರೋಪಿನ ನಕ್ಷೆಯೊಂದು ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು.

ಮೊದಲಿಗೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಆಗ ಸರ್ಬಿಯಾ ಮತ್ತು ರಷ್ಯಾ ಹಳೆಯ ಜೂಲಿಯನ್ ಪಂಚಾಂಗವನ್ನು ಬಳಸುತ್ತಿದ್ದವು. ಅದು ನಮ್ಮ ಈಗಿನ ಕ್ಯಾಲೆಂಡರಿಗಿಂತ 12 ದಿನ ಹಿಂದೆ. ಹೀಗಾಗಿ ಯುದ್ಧ ಶುರುವಾದದ್ದು ಜೂನ್ 18 ಎಂದು ಒಂದು ಪುಸ್ತಕವೂ ಜೂನ್ 30 ಎಂದು ಇನ್ನೊಂದು ಪುಸ್ತಕವೂ ಹೇಳಿದರೆ ಎರಡೂ ಸರಿಯೇ. ಇಲ್ಲಿ ಕೊಟ್ಟಿರುವುದೆಲ್ಲ ಈಗಿನ ಕ್ಯಾಲೆಂಡರಿನ ತಾರೀಕು.

ಮಾಂಡಲಿಕನ ಸ್ಥಿತಿ

ಡ್ಯಾನ್ಯೂಬ್ ಮತ್ತು ಸಾವಾ ನದಿಗಳು ಕೂಡುವ ಕಡೆ ಬೆಲ್‌ಗ್ರೇಡ್ ಇದೆ. ಅಲ್ಲಿಂದ ದಕ್ಷಿಣಕ್ಕೆ ಮೊರಾವಾ ನದಿಯ ಕಣಿವೆ ಚಾಚಿಕೊಂಡಿದೆ. ಈ ಕಣಿವೆಯ ಆಸುಪಾಸಿನ ಗುಡ್ಡಗಾಡು, ಓಕ್ ಕಾಡು, ಹಂದಿ ಸಾಕುವ ರೈತರ ಹಳ್ಳಿಗಳು, ಇಷ್ಟೇ ಅಂದಿನ ಸರ್ಬಿಯಾ. 1874ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 13.5 ಲಕ್ಷ. ಎದುರಿಗಿದ್ದ ಆಟೋಮನ್ ಸಾಮ್ರಾಜ್ಯವೋ ಬಾಲ್ಕನ್ನಿನಿಂದ ಅರಬ್ ನಾಡುಗಳವರೆಗೆ ಹರಡಿತ್ತು.

1804ರಲ್ಲಿ ಕಾರಾಜೋರ್ಜೆಯ ನೇತೃತ್ವದಲ್ಲಿ, 1815ರಲ್ಲಿ ಮಿಲೋಶ್ ಒಬ್ರೆನೊವಿಚ್‌ನ ನೇತೃತ್ವದಲ್ಲಿ ಸರ್ಬಿಯಾದ ರೈತರು ಈ ಸಾಮ್ರಾಜ್ಯದ ಆಳ್ವಿಕೆಯ ವಿರುದ್ಧ ಎರಡು ಸಲ ದಂಗೆ ಎದ್ದರು. ಮೊದಲನೆಯದನ್ನು ತುರ್ಕರು ಹತ್ತಿಕ್ಕಿದರು. ಎರಡನೆಯದು ಚೌಕಾಸಿಯಲ್ಲಿ ಮುಗಿಯಿತು. 1830ರಲ್ಲಿ ಸುಲ್ತಾನ ಒಂದು ಫರ್ಮಾನು ಹೊರಡಿಸಿ ಸರ್ಬಿಯಾಕ್ಕೆ ಸ್ವಯಮಾಡಳಿತ ಕೊಟ್ಟ. ಮಿಲೋಶ್‌ನನ್ನು ವಂಶಪಾರಂಪರ್ಯ ಪ್ರಭುವೆಂದು ಒಪ್ಪಿಕೊಂಡ. ಆದರೆ ವರ್ಷಕ್ಕಿಷ್ಟು ಕಪ್ಪ ಸಲ್ಲಬೇಕು, ಕೋಟೆಗಳಲ್ಲಿ ತುರ್ಕರ ಕಾವಲು ಪಡೆ ಇರಬೇಕು. ಅಣ್ಣತಮ್ಮಂದಿರು ಬೇರೆಯಾಗಿ ಬೇರೆ ಒಲೆ ಹಚ್ಚಿಕೊಂಡ ಮೇಲೂ ಪಹಣಿ ಮಾತ್ರ ಹಿರಿಯನ ಹೆಸರಿನಲ್ಲೇ ಉಳಿದಿರುತ್ತದಲ್ಲ, ಸರ್ಬಿಯಾದ ಸ್ಥಿತಿ ಹಾಗಿತ್ತು. ತೆರಿಗೆ, ನ್ಯಾಯಾಲಯ, ಶಾಲೆ, ಸೈನ್ಯ ಎಲ್ಲವೂ ತನ್ನವೇ. ಹೊರದೇಶಗಳೊಡನೆ ವ್ಯವಹರಿಸುವ ಹಕ್ಕು ಮಾತ್ರ ಸುಲ್ತಾನನ ರಾಜಧಾನಿ ಇಸ್ತಾಂಬುಲಿನದು.

ಈ ಗಂಟು ಸ್ವಲ್ಪಸ್ವಲ್ಪವಾಗಿ ಸಡಿಲವಾಗುತ್ತ ಬಂತು. 1856ರ ಪ್ಯಾರಿಸ್ ಒಪ್ಪಂದದಲ್ಲಿ ಯುರೋಪಿನ ಶಕ್ತಿಗಳು ಸರ್ಬಿಯಾದ ಸ್ವಯಮಾಡಳಿತಕ್ಕೆ ಒಟ್ಟಾಗಿ ಜಾಮೀನು ನಿಂತವು. 1862ರಲ್ಲಿ ಬೀದಿ ಜಗಳವೊಂದು ದೊಡ್ಡದಾಗಿ, ಕಲೆಮೆಗ್ದಾನ್ ಕೋಟೆಯೊಳಗಿದ್ದ ತುರ್ಕರ ಪಡೆ ಬೆಲ್‌ಗ್ರೇಡ್ ನಗರದ ಮೇಲೆಯೇ ಫಿರಂಗಿ ಹಾರಿಸಿತು. ಐದು ವರ್ಷಗಳ ನಂತರ, 1867ರಲ್ಲಿ, ಆ ಕೋಟೆಯ ಕೀಲಿಕೈ ಪ್ರಭು ಮಿಹೈಲೊನ ಕೈ ಸೇರಿತು. ಕೊನೆಯ ತುರ್ಕ ಸಿಪಾಯಿಯೂ ಹೊರಟುಹೋದ. ಒಂದೇ ಷರತ್ತು: ಕೋಟೆಯ ಮೇಲೆ ಸರ್ಬಿಯಾದ ಬಾವುಟದ ಪಕ್ಕದಲ್ಲಿ ಸುಲ್ತಾನನ ಬಾವುಟವೂ ಹಾರಬೇಕು.

ಮರುವರ್ಷ ಮಿಹೈಲೊನ ಕೊಲೆಯಾಯಿತು. ಪಟ್ಟಕ್ಕೆ ಬಂದವನು ಅವನ ಸಂಬಂಧಿ, ಇನ್ನೂ 14 ತುಂಬದಿದ್ದ ಹುಡುಗ ಮಿಲಾನ್. ನಮ್ಮ ಕತೆಯ ಯುದ್ಧ ಶುರುವಾದಾಗ ಅವನಿಗೆ 21 ವರ್ಷ.

ಕಿಡಿ ಹೊತ್ತಿದ್ದು ಹರ್ಜೆಗೊವಿನಾದಲ್ಲಿ

ಸರ್ಬಿಯಾದ ಪಶ್ಚಿಮಕ್ಕೆ ಬೋಸ್ನಿಯಾ ಮತ್ತು ಹರ್ಜೆಗೊವಿನಾ. ಇವು ಸುಲ್ತಾನನ ನೇರ ಆಡಳಿತದಲ್ಲಿದ್ದ ಪ್ರಾಂತಗಳು. ಅಲ್ಲಿ ಭೂಮಾಲೀಕರು ಬಹುಮಟ್ಟಿಗೆ ಮುಸ್ಲಿಮರು, ಗೇಣಿದಾರರು ಬಹುಮಟ್ಟಿಗೆ ಕ್ರೈಸ್ತರು. ಕಂದಾಯ ವಸೂಲಿಯನ್ನು ಹರಾಜಿನಲ್ಲಿ ಗುತ್ತಿಗೆಗೆ ಕೊಡುವ ಪದ್ಧತಿಯಿತ್ತು. ಗುತ್ತಿಗೆ ಹಿಡಿದವನು ಕೊಟ್ಟ ದುಡ್ಡಿಗಿಂತ ಹೆಚ್ಚು ಹಿಂಡಿದರೆ ಮಾತ್ರ ಅವನಿಗೆ ಲಾಭ. 1874ರಲ್ಲಿ ಬೆಳೆ ಕೈಕೊಟ್ಟಿತು, ವಸೂಲಿ ನಿಲ್ಲಲಿಲ್ಲ. 1875ರ ಬೇಸಿಗೆಯಲ್ಲಿ ನೆವೆಸಿನ್ಯೆಯ ರೈತರು ದಂಗೆ ಎದ್ದರು. ದಂಗೆ ಬೋಸ್ನಿಯಾಕ್ಕೂ ಹಬ್ಬಿತು. ನಿರಾಶ್ರಿತರು ಗಡಿ ದಾಟಿ ಸರ್ಬಿಯಾ, ಮಾಂಟೆನೆಗ್ರೊ, ಆಸ್ಟ್ರಿಯಾ ಕಡೆಗೆ ಹೊರಟರು.

ಅದೇ ವರ್ಷ ಅಕ್ಟೋಬರಿನಲ್ಲಿ ಇಸ್ತಾಂಬುಲಿನ ಖಜಾನೆ ದಿವಾಳಿಯಂಚಿಗೆ ಬಂತು. ವಿದೇಶಿ ಸಾಲದ ಬಡ್ಡಿಯಲ್ಲಿ ಅರ್ಧವನ್ನಷ್ಟೇ ನಗದಾಗಿ ಕೊಡುತ್ತೇವೆ ಎಂದು ಸರ್ಕಾರ ಸಾರಿತು. 1876ರ ಏಪ್ರಿಲ್–ಮೇನಲ್ಲಿ ಬಲ್ಗೇರಿಯಾದಲ್ಲೂ ಬಂಡಾಯವೆದ್ದಿತು. ಅದನ್ನು ಅಡಗಿಸಲು ಬಿಟ್ಟ ಬಾಶಿಬಜೂಕ್ ಎಂಬ ಶಿಸ್ತಿಲ್ಲದ ಪಡೆಗಳು ಬಟಾಕ್ ಮುಂತಾದ ಊರುಗಳಲ್ಲಿ ಸಾವಿರಾರು ಜನರನ್ನು ಕೊಂದವು. ಮೇ ಕೊನೆಯಲ್ಲಿ ಸುಲ್ತಾನ ಅಬ್ದುಲ್ ಅಜೀಜ್ ಪದಚ್ಯುತನಾದ. ಆಗಸ್ಟ್ ಕೊನೆಗೆ ಅವನ ಉತ್ತರಾಧಿಕಾರಿಯನ್ನೂ ಇಳಿಸಿ ಅಬ್ದುಲ್ ಹಮೀದನನ್ನು ಕೂರಿಸಿದರು. ಒಂದೇ ಬೇಸಿಗೆಯಲ್ಲಿ ಮೂವರು ಸುಲ್ತಾನರು!

ಯಜಮಾನನ ಮನೆ ಹೀಗೆ ಅಲ್ಲಾಡುತ್ತಿರುವುದನ್ನು ಬೆಲ್‌ಗ್ರೇಡ್ ನೋಡುತ್ತಿತ್ತು. ಯುದ್ಧಕ್ಕೆ ಇದೇ ಹೊತ್ತು ಎಂದು ಪತ್ರಿಕೆಗಳು ಕೂಗಿದವು. ಮಿಲಾನನಿಗೆ ಮನಸ್ಸಿರಲಿಲ್ಲ. ಆದರೆ ಸುಮ್ಮನಿದ್ದರೆ ಸಿಂಹಾಸನಕ್ಕೇ ಸಂಚಕಾರ. ಕಾರಾಜೋರ್ಜೆಯ ಮೊಮ್ಮಗ ಪೀಟರ್ ಆಗಲೇ ಸುಳ್ಳು ಹೆಸರಿನಲ್ಲಿ ಬೋಸ್ನಿಯಾದ ದಂಗೆಕೋರರ ಜೊತೆ ಸೇರಿ ಹೋರಾಡುತ್ತಿದ್ದ. ಅವನು ಮಿಲಾನನ ಒಬ್ರೆನೊವಿಚ್ ಮನೆತನಕ್ಕೆ ಎದುರಾಳಿಯಾದ ಮನೆತನದ ಕುಡಿ. ಕೊನೆಗೆ ಮಿಲಾನ್ ಯುದ್ಧ ಬೇಕೆನ್ನುವ ಮಂತ್ರಿಮಂಡಲವನ್ನು ಕರೆದ. ಅದರ ಮಿದುಳು ವಿದೇಶಾಂಗ ಮಂತ್ರಿ ಯೊವಾನ್ ರಿಸ್ಟಿಚ್. ಮಾಂಟೆನೆಗ್ರೊ ಜೊತೆ ಮೈತ್ರಿಯಾಯಿತು. 1876ರ ಜೂನ್ 30ರಂದು ಸರ್ಬಿಯಾ ತನ್ನ ಅಧಿರಾಜನ ಮೇಲೆ ಯುದ್ಧ ಸಾರಿತು.

ನೇಗಿಲು ಬಿಟ್ಟು ಬಂದ ಸೈನ್ಯ

ಕಾಗದದ ಮೇಲೆ ಸರ್ಬಿಯಾದ ಸೈನ್ಯ ದೊಡ್ಡದೇ. 1861ರ ಕಾನೂನಿನಂತೆ 20ರಿಂದ 50 ವಯಸ್ಸಿನ ಗಂಡಸರೆಲ್ಲ ಜನಪಡೆಗೆ ಸೇರಬೇಕು. ಈ ಲೆಕ್ಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂಡಿದರು. ಖಾಯಂ ಸೈನಿಕರು ಕೆಲವೇ ಸಾವಿರ. ಉಳಿದವರು ಆಗೊಮ್ಮೆ ಈಗೊಮ್ಮೆ ಕವಾಯತು ಮಾಡಿದ್ದ ರೈತರು. ಅವರನ್ನು ಕರೆದದ್ದು ಬೇಸಿಗೆಯಲ್ಲಿ, ಗೋಧಿ ಕೊಯ್ಲಿನ ಹೊತ್ತಿಗೆ. ತರಬೇತಾದ ಅಧಿಕಾರಿಗಳು ತೀರಾ ಕಡಿಮೆ. ಕ್ರಾಗುಯೆವಾಟ್ಸ್ ಊರಿನ ಸ್ವಂತ ಕಾರ್ಖಾನೆಯಲ್ಲಿ ಕಂಚಿನ ಫಿರಂಗಿ ಎರಕ ಹೊಯ್ಯುತ್ತಿದ್ದರು. ಬಂದೂಕುಗಳಲ್ಲಿ ಬಹಳಷ್ಟು ಹಳೆಯವನ್ನೇ ಮಾರ್ಪಡಿಸಿದವು.

ಎದುರು ಪಾಳಯದ ಕೈಯಲ್ಲಿ ಜರ್ಮನಿಯ ಕ್ರುಪ್ ಕಂಪನಿಯ ಉಕ್ಕಿನ ಫಿರಂಗಿಗಳಿದ್ದವು, ಅಮೆರಿಕದಲ್ಲಿ ಆರ್ಡರ್ ಕೊಟ್ಟು ಮಾಡಿಸಿದ ಪೀಬಾಡಿ-ಮಾರ್ಟಿನಿ ಬಂದೂಕುಗಳಿದ್ದವು. ಸಾಮ್ರಾಜ್ಯ ಮುರಿದು ಬೀಳುತ್ತಿದೆ ಎಂದು ಬೆಲ್‌ಗ್ರೇಡಿನ ಪತ್ರಿಕೆಗಳು ಬರೆಯುತ್ತಿದ್ದವಲ್ಲ, ಅದರ ಖಜಾನೆ ಬರಿದಾಗಿದ್ದು ನಿಜ. ಸೈನ್ಯ ಬರಿದಾಗಿರಲಿಲ್ಲ. ಸಾಲ ಮಾಡಿ ತಂದ ದುಡ್ಡಿನಲ್ಲಿ ಒಂದು ಪಾಲು ಈ ಆಯುಧಗಳಿಗೇ ಹೋಗಿತ್ತು.

ಸರ್ಬಿಯಾದ ಮುಖ್ಯ ಪಡೆಯ ದಂಡನಾಯಕ ರಷ್ಯಾದ ನಿವೃತ್ತ ಜನರಲ್ ಮಿಖಾಯಿಲ್ ಚೆರ್ನ್ಯಾಯೆವ್. 1865ರಲ್ಲಿ ಮಧ್ಯ ಏಷ್ಯಾದ ತಾಷ್ಕೆಂಟನ್ನು ಸಣ್ಣ ಪಡೆಯಿಂದ ಗೆದ್ದು ಹೆಸರಾಗಿದ್ದವನು. ತನ್ನ ಸರ್ಕಾರದ ಒಪ್ಪಿಗೆಯಿಲ್ಲದೆ ಬೆಲ್‌ಗ್ರೇಡಿಗೆ ಬಂದು ಸರ್ಬಿಯಾದ ಪೌರತ್ವ ಪಡೆದ. ಅವನ ಹಿಂದೆ ಸಾವಿರಾರು ರಷ್ಯನ್ ಸ್ವಯಂಸೇವಕರೂ ಬಂದರು: ಅಧಿಕಾರಿಗಳು, ವೈದ್ಯರು, ದಾದಿಯರು, ಕೆಲಸವಿಲ್ಲದ ಸಾಹಸಿಗರು. ಸ್ಲಾವ್ ಸೋದರರನ್ನು ಬಿಡಿಸಬೇಕೆಂಬ ಭಾವಾವೇಶ ರಷ್ಯಾದ ಊರೂರಲ್ಲಿ ಎದ್ದಿತ್ತು, ಚಂದಾ ಎತ್ತುತ್ತಿದ್ದರು. ಗಾಯಗೊಂಡ ಸರ್ಬರ ಸಹಾಯಾರ್ಥ ಕಛೇರಿಗಾಗಿ ಚೈಕೋವ್‌ಸ್ಕಿ 'ಸ್ಲಾವ್ ಮಾರ್ಚ್' ಸಂಗೀತ ರಚಿಸಿದ್ದು ಈ ಕಾಲದಲ್ಲೇ. ಟಾಲ್‌ಸ್ಟಾಯ್‌ಗೆ ಮಾತ್ರ ಈ ಆವೇಶದಲ್ಲಿ ನಂಬಿಕೆಯಿರಲಿಲ್ಲ. 'ಅನ್ನಾ ಕರೆನಿನಾ' ಕಾದಂಬರಿಯ ಎಂಟನೆಯ ಭಾಗದಲ್ಲಿ ವ್ರಾನ್‌ಸ್ಕಿ ಸರ್ಬಿಯಾದ ಯುದ್ಧಕ್ಕೆ ಹೊರಡುತ್ತಾನೆ. ಸ್ವಯಂಸೇವಕರ ಬಗ್ಗೆ ಅಲ್ಲಿರುವ ಕಟು ನೋಟವನ್ನು ಒಪ್ಪದ ಪತ್ರಿಕಾ ಸಂಪಾದಕ ಕಟ್ಕೋವ್ ಆ ಭಾಗವನ್ನು ಅಚ್ಚು ಹಾಕಲಿಲ್ಲ. ಟಾಲ್‌ಸ್ಟಾಯ್ ಅದನ್ನು ಬೇರೆಯಾಗಿ ಪ್ರಕಟಿಸಬೇಕಾಯಿತು.

ನಾಲ್ಕು ತಿಂಗಳ ಕದನ

ಸರ್ಬಿಯಾದ ಪಡೆಗಳು ಒಮ್ಮೆಗೇ ನಾಲ್ಕು ಕಡೆ ಗಡಿ ದಾಟಿದವು. ಮೊದಲ ತಪ್ಪು ಇದೇ. ಇರುವ ಬಲವನ್ನು ಹಂಚಿದ್ದರಿಂದ ಯಾವ ಕಡೆಯೂ ಏಟು ಗಟ್ಟಿಯಾಗಿ ಬೀಳಲಿಲ್ಲ. ಆಗ್ನೇಯಕ್ಕೆ ನುಗ್ಗಿದರೆ ಬಲ್ಗೇರಿಯನ್ನರು ಮತ್ತೆ ಎದ್ದು ನಿಲ್ಲುತ್ತಾರೆಂದು ಚೆರ್ನ್ಯಾಯೆವ್ ನಂಬಿದ್ದ. ಅವರ ಬಂಡಾಯದ ನೆತ್ತರು ಮೇನಲ್ಲೇ ಹರಿದುಹೋಗಿತ್ತು. ಏಳಲು ಯಾರೂ ಉಳಿದಿರಲಿಲ್ಲ.

ಜುಲೈ ಮುಗಿಯುವಷ್ಟರಲ್ಲಿ ಆಟದ ದಿಕ್ಕು ತಿರುಗಿತು. ಪೂರ್ವದ ಟಿಮೋಕ್ ಕಣಿವೆಗೆ ತುರ್ಕರು ನುಗ್ಗಿ ಕ್ನಾಜೆವಾಟ್ಸ್ ಮತ್ತು ಜಾಯೆಚಾರ್ ಪಟ್ಟಣಗಳನ್ನು ಹಿಡಿದರು. ಈ ಭಾಗದಲ್ಲಿ ಹೋರಾಡಿದ ತುರ್ಕರ ದಂಡನಾಯಕ ಉಸ್ಮಾನ್ ಪಾಷಾನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆಮೇಲೆ ಯುದ್ಧ ಮೊರಾವಾ ಕಣಿವೆಗೆ ಬಂತು. ಅಲ್ಲಿ ಅಲೆಕ್ಸಿನಾಟ್ಸ್ ಪಟ್ಟಣವನ್ನು ಕಾಯುತ್ತಿದ್ದ ಶುಮಾಟೊವಾಟ್ಸ್ ದಿಬ್ಬದ ಮೇಲೆ ಆಗಸ್ಟ್ 23ರಂದು ಸರ್ಬರು ತುರ್ಕರ ದಾಳಿಗಳನ್ನು ಹಿಮ್ಮೆಟ್ಟಿಸಿದರು. ಮಣ್ಣಿನ ಕೋಟೆಯೊಳಗೆ ಕೂತು ಗುಂಡು ಹಾರಿಸುವಾಗ ಈ ರೈತ ಸೈನಿಕರು ಕಲ್ಲಿನಂತೆ ನಿಂತರು. ಬಯಲಿನಲ್ಲಿ ಮುನ್ನುಗ್ಗಿ ಎಂದರೆ ಸಾಲು ಮುರಿಯುತ್ತಿತ್ತು. ಮನೆಗೆ ಹೋಗಲು ದಾರಿ ಸಿಗಲೆಂದು ತಮ್ಮ ಬೆರಳಿಗೆ ತಾವೇ ಗುಂಡು ಹಾರಿಸಿಕೊಂಡು ಬಂದವರನ್ನು ಆಸ್ಪತ್ರೆಗಳಲ್ಲಿ ವೈದ್ಯರು ಕಂಡರು. ಅದನ್ನು ಹೇಡಿತನ ಎಂದು ತಳ್ಳಿಹಾಕುವ ಮೊದಲು, ಹೊಲದಲ್ಲಿ ಕೊಯ್ಯದೆ ನಿಂತ ಬೆಳೆಯನ್ನೂ ಮನೆಯಲ್ಲಿ ಬೇರೆ ಗಂಡಾಳಿಲ್ಲದ ಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಲೆಕ್ಸಿನಾಟ್ಸನ್ನು ನೇರವಾಗಿ ಹಿಡಿಯಲಾಗದ ತುರ್ಕರು ನದಿಯ ಎಡದಂಡೆಗೆ ಸರಿದು ಸುತ್ತು ಹಾಕಿ ಬಂದರು. ಸೆಪ್ಟೆಂಬರಿನಲ್ಲಿ ಕೆಲವು ದಿನ ಕದನ ನಿಂತಿತ್ತು. ಆ ಬಿಡುವಿನಲ್ಲಿ ಚೆರ್ನ್ಯಾಯೆವ್ ಯಾರನ್ನೂ ಕೇಳದೆ, ತನ್ನ ಶಿಬಿರದಲ್ಲಿ, ಮಿಲಾನನನ್ನು ಸರ್ಬಿಯಾದ ರಾಜನೆಂದು ಘೋಷಿಸಿಬಿಟ್ಟ. ಸಂಧಾನಕ್ಕಾಗಿ ಯುರೋಪಿನ ಬಾಗಿಲು ಬಡಿಯುತ್ತಿದ್ದ ಮಿಲಾನನಿಗೆ ಇದರಿಂದ ಮುಜುಗರವಷ್ಟೇ ಆಯಿತು. ಅಕ್ಟೋಬರ್ 29ರಂದು ಜುನಿಸ್‌ನಲ್ಲಿ ಸರ್ಬಿಯಾದ ಸಾಲು ಒಡೆಯಿತು. ಅಲೆಕ್ಸಿನಾಟ್ಸ್ ಕೈಬಿಟ್ಟಿತು. ಮಿಲಾನ್ ರಷ್ಯಾದ ಜಾರ್ ಎರಡನೇ ಅಲೆಕ್ಸಾಂಡರನಿಗೆ ಮೊರೆಯಿಟ್ಟ.

ಅಕ್ಟೋಬರ್ 31ರಂದು ರಷ್ಯಾ ಸುಲ್ತಾನನಿಗೆ ಕೊನೆಯ ಎಚ್ಚರಿಕೆ ಕಳಿಸಿತು: 48 ಗಂಟೆಯೊಳಗೆ ಕದನವಿರಾಮಕ್ಕೆ ಒಪ್ಪಬೇಕು. ಇಸ್ತಾಂಬುಲ್ ಒಪ್ಪಿತು. ಬೆಲ್‌ಗ್ರೇಡ್ ಉಳಿಯಿತು. ಆದರೆ ಕೆಲವೇ ದಿನಗಳಲ್ಲಿ ಮಾಸ್ಕೋದಲ್ಲಿ ಮಾತನಾಡಿದ ಜಾರ್ ಮಾಂಟೆನೆಗ್ರೊದವರ ಶೌರ್ಯವನ್ನು ಹೊಗಳಿದ. ಸರ್ಬರ ಬಗ್ಗೆ ಆ ಮಾತು ಹೇಳಲಾಗದು ಎಂದು ಎಲ್ಲರೆದುರು ಚುಚ್ಚಿದ. ಮಾಂಟೆನೆಗ್ರೊದವರು ಜುಲೈಯಲ್ಲಿ ವುಚಿ ದೋ ಎಂಬಲ್ಲಿ ದೊಡ್ಡ ಗೆಲುವು ಪಡೆದಿದ್ದರು.

ಈ ಯುದ್ಧದ ಒಂದು ಗುರುತು ಇಂದಿಗೂ ಜಗತ್ತಿನ ಹಲವು ದೇಶಗಳ ಆಂಬ್ಯುಲೆನ್ಸುಗಳ ಮೇಲಿದೆ. ಶಿಲುಬೆಯ ಗುರುತು ಮುಸ್ಲಿಂ ಸೈನಿಕರ ಮನಸ್ಸಿಗೆ ಒಗ್ಗದೆಂದು ಆಟೋಮನ್ ಸರ್ಕಾರ ತನ್ನ ಆಸ್ಪತ್ರೆ ಗಾಡಿಗಳಿಗೆ ಕೆಂಪು ಅರ್ಧಚಂದ್ರವನ್ನು ಬಳಸುವುದಾಗಿ 1876ರ ನವೆಂಬರಿನಲ್ಲಿ ಸ್ವಿಟ್ಜರ್ಲೆಂಡಿಗೆ ತಿಳಿಸಿತು. ರೆಡ್ ಕ್ರಾಸ್ ಜೊತೆಗೆ ರೆಡ್ ಕ್ರೆಸೆಂಟ್ ಬಂದದ್ದು ಹೀಗೆ.

ದೂರದ ಕೋಣೆಗಳಲ್ಲಿ

ಇಲ್ಲಿ ಸ್ವಲ್ಪ ನಿಂತು ಹಿಂದಕ್ಕೆ ನೋಡೋಣ. ಯುದ್ಧ ಶುರುವಾಗಿ ಎರಡು ವಾರವೂ ಆಗಿರದ ಜುಲೈ 8ರಂದು, ಬೊಹಿಮಿಯಾದ ರೈಶ್‌ಸ್ಟಾಟ್ ಅರಮನೆಯಲ್ಲಿ ರಷ್ಯಾ ಮತ್ತು ಆಸ್ಟ್ರಿಯಾ-ಹಂಗೆರಿಯ ಚಕ್ರವರ್ತಿಗಳು ತಮ್ಮ ಮಂತ್ರಿಗಳೊಡನೆ ಭೇಟಿಯಾದರು. ಸರ್ಬಿಯಾ ಸೋತರೆ ಮೊದಲಿದ್ದ ಸ್ಥಿತಿಯೇ ಉಳಿಯುವಂತೆ ನೋಡಿಕೊಳ್ಳುವುದು. ಗೆದ್ದರೆ ಯಾರಿಗೆಷ್ಟು ಎಂದು ಹಂಚಿಕೊಳ್ಳುವುದು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದಾಗಿತ್ತು. ಕುಲಾವಿಯ ಅಳತೆಯನ್ನು ಸರ್ಬಿಯಾವನ್ನು ಯಾರೂ ಕೇಳಲಿಲ್ಲ.

ಬ್ರಿಟನ್ನಿನ ಲೆಕ್ಕಾಚಾರದಲ್ಲಿ ಭಾರತವಿತ್ತು. ರಷ್ಯಾ ಇಸ್ತಾಂಬುಲ್ ಜಲಸಂಧಿಗಳವರೆಗೆ ಬಂದರೆ ಭಾರತದ ದಾರಿಗೆ ಅಪಾಯವೆಂದು ಪ್ರಧಾನಿ ಡಿಸ್ರೇಲಿ ಆಟೋಮನ್ ಸಾಮ್ರಾಜ್ಯಕ್ಕೆ ಬೆಂಬಲವಾಗಿ ನಿಂತಿದ್ದ. ಆದರೆ ಬಲ್ಗೇರಿಯಾದ ಕಗ್ಗೊಲೆಯ ವರದಿಗಳು ಲಂಡನ್ ಪತ್ರಿಕೆಗಳಲ್ಲಿ ಬಂದವು. ಸೆಪ್ಟೆಂಬರಿನಲ್ಲಿ ಮಾಜಿ ಪ್ರಧಾನಿ ಗ್ಲಾಡ್‌ಸ್ಟನ್ ಆ ಬಗ್ಗೆ ಬರೆದ ಕಿರುಹೊತ್ತಗೆ ಜನರನ್ನು ಕೆರಳಿಸಿತು. ಸುಲ್ತಾನನ ಪರವಾಗಿ ಬ್ರಿಟನ್ ಯುದ್ಧಕ್ಕೆ ಇಳಿಯುವಂತಿರಲಿಲ್ಲ.

ಈಗ ನಮ್ಮ ಪ್ರಶ್ನೆಗೆ ಉತ್ತರದ ಮೊದಲ ತುಂಡು ಸಿಕ್ಕಿತು. ಜುನಿಸ್‌ನ ಸೋಲು ರಷ್ಯಾವನ್ನು ಇಕ್ಕಟ್ಟಿಗೆ ತಂದಿತು. ಸಾವಿರಾರು ರಷ್ಯನ್ನರು ಹೋರಾಡಿದ, ನೂರಾರು ರಷ್ಯನ್ನರು ಸತ್ತ ನೆಲವನ್ನು ತುರ್ಕರಿಗೆ ಬಿಟ್ಟುಕೊಟ್ಟರೆ ಜಾರ್ ತನ್ನ ಪ್ರಜೆಗಳಿಗೆ ಮುಖ ತೋರಿಸುವುದು ಹೇಗೆ? ಸರ್ಬಿಯಾ ಗೆದ್ದಿದ್ದರೆ ರಷ್ಯಾ ದೂರ ನಿಂತು ನೋಡಬಹುದಿತ್ತು. ಸೋತದ್ದರಿಂದ ನೋಡುತ್ತ ನಿಲ್ಲಲಾಗಲಿಲ್ಲ.

ಡಿಸೆಂಬರಿನಲ್ಲಿ ಇಸ್ತಾಂಬುಲಿನಲ್ಲಿ ಶಕ್ತಿಗಳ ಸಮಾವೇಶ ಸೇರಿತು. ಅದೇ ಹೊತ್ತಿಗೆ ಸುಲ್ತಾನ ಹೊಸ ಸಂವಿಧಾನ ಘೋಷಿಸಿ, ಇನ್ನು ಹೊರಗಿನವರ ಸುಧಾರಣೆ ಬೇಕಿಲ್ಲ ಎಂದ. ಸಮಾವೇಶ ಮುರಿದುಬಿತ್ತು. 1877ರ ಫೆಬ್ರವರಿ 28ರಂದು ಸರ್ಬಿಯಾ ಹಳೆಯ ಸ್ಥಿತಿಗೇ ಒಪ್ಪಿ ಶಾಂತಿ ಮಾಡಿಕೊಂಡಿತು. ಒಂದಿಂಚು ನೆಲ ಹೋಗಲಿಲ್ಲ, ಬರಲೂ ಇಲ್ಲ. ಏಪ್ರಿಲ್ 24ರಂದು ರಷ್ಯಾ ತಾನೇ ಯುದ್ಧ ಸಾರಿತು.

ಎರಡನೆಯ ಸಲ

ಡ್ಯಾನ್ಯೂಬ್ ದಾಟಿ ಬಂದ ರಷ್ಯನ್ನರನ್ನು ಬಲ್ಗೇರಿಯಾದ ಪ್ಲೆವ್ನಾದಲ್ಲಿ ತಿಂಗಳುಗಟ್ಟಲೆ ತಡೆದು ನಿಲ್ಲಿಸಿದವನು ಅದೇ ಉಸ್ಮಾನ್ ಪಾಷಾ. ಹಿಂದಿನ ವರ್ಷ ಸರ್ಬರನ್ನು ಹಗುರವಾಗಿ ಕಂಡಿದ್ದ ರಷ್ಯಾ ಈಗ ನೀವೂ ಬನ್ನಿ ಎಂದು ಅವರನ್ನು ಒತ್ತಾಯಿಸಿತು. ಪೆಟ್ಟು ತಿಂದಿದ್ದ ಬೆಲ್‌ಗ್ರೇಡ್ ಕಾದು ನೋಡಿತು. ಡಿಸೆಂಬರ್ 10ರಂದು ಪ್ಲೆವ್ನಾ ಬಿತ್ತು. ಮೂರೇ ದಿನಕ್ಕೆ ಸರ್ಬಿಯಾ ಯುದ್ಧಕ್ಕಿಳಿಯಿತು.

ಈ ಸಲ ಎದುರಿಗೆ ತುರ್ಕರ ಮುಖ್ಯ ಸೈನ್ಯವಿರಲಿಲ್ಲ. ಸರ್ಬಿಯಾದ ಗುರಿಯೂ ಒಂದೇ ದಿಕ್ಕಿನಲ್ಲಿತ್ತು: ದಕ್ಷಿಣ. ಪಿರೋಟ್, 1878ರ ಜನವರಿ 11ರಂದು ನಿಶ್, ತಿಂಗಳ ಕೊನೆಗೆ ವ್ರಾನ್ಯೆ ಕೈಗೆ ಬಂದವು. ನಿಶ್ ನಗರಕ್ಕೆ ಸರ್ಬರ ಮನಸ್ಸಿನಲ್ಲಿ ಬೇರೆಯದೇ ತೂಕವಿದೆ. 1809ರಲ್ಲಿ ಅಲ್ಲಿನ ಚೆಗಾರ್ ಗುಡ್ಡದಲ್ಲಿ ಸತ್ತ ಬಂಡಾಯಗಾರರ 952 ತಲೆಬುರುಡೆಗಳನ್ನು ಹುಗಿದು ತುರ್ಕರು ಒಂದು ಗೋಪುರ ಕಟ್ಟಿದ್ದರು. ಅದು ಈಗಲೂ ಇದೆ. ಸುತ್ತಲೂ ಒಂದು ಪುಟ್ಟ ಪ್ರಾರ್ಥನಾಲಯ ಕಟ್ಟಿದ್ದಾರೆ. 58 ಬುರುಡೆಗಳು ಉಳಿದಿವೆ.

ಬರ್ಲಿನ್ನಿನ ಲೆಕ್ಕ

1878ರ ಮಾರ್ಚ್ 3ರಂದು ಸೋತ ಸುಲ್ತಾನನ ಜೊತೆ ರಷ್ಯಾ ಸಾನ್ ಸ್ಟೆಫಾನೊ ಒಪ್ಪಂದ ಮಾಡಿಕೊಂಡಿತು. ಸರ್ಬಿಯಾಕ್ಕೆ ಸ್ವಾತಂತ್ರ್ಯವೇನೋ ಸಿಕ್ಕಿತು. ಆದರೆ ರಷ್ಯಾ ಬಲ್ಗೇರಿಯಾವನ್ನು ಹಿಗ್ಗಿಸಿ, ಸರ್ಬರು ಗೆದ್ದಿದ್ದ ಪಿರೋಟ್ ಮತ್ತು ವ್ರಾನ್ಯೆಗಳನ್ನೂ ಅದರೊಳಗೆ ಸೇರಿಸಿತು. ಬ್ರಿಟನ್, ಆಸ್ಟ್ರಿಯಾಗಳಿಗೂ ಈ ದೊಡ್ಡ ಬಲ್ಗೇರಿಯಾ ಬೇಡವಾಗಿತ್ತು. ಬ್ರಿಟನ್ ಭಾರತದಿಂದ ಸುಮಾರು 7,000 ಸಿಪಾಯಿಗಳನ್ನು ಹಡಗು ಹತ್ತಿಸಿ ಮಾಲ್ಟಾ ದ್ವೀಪಕ್ಕೆ ತಂದು ರಷ್ಯಾಕ್ಕೆ ಹಲ್ಲು ತೋರಿಸಿತು. ಕೊನೆಗೆ ಜೂನ್ 13ರಂದು ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್‌ನ ಅಧ್ಯಕ್ಷತೆಯಲ್ಲಿ ಬರ್ಲಿನ್ ಸಮಾವೇಶ ಸೇರಿತು.

ಅಲ್ಲಿ ಸರ್ಬಿಯಾಕ್ಕೆ ಮತ ಹಾಕುವ ಹಕ್ಕಿರಲಿಲ್ಲ. ಬಾಗಿಲ ಹೊರಗೆ ಕಾಯುತ್ತಿದ್ದ ರಿಸ್ಟಿಚ್‌ಗೆ ರಷ್ಯಾದವರು ಕೊಟ್ಟ ಸಲಹೆ ಒಂದೇ: ಆಸ್ಟ್ರಿಯಾವನ್ನು ಕೇಳಿ. ಆಸ್ಟ್ರಿಯಾ-ಹಂಗೆರಿಯ ವಿದೇಶಾಂಗ ಮಂತ್ರಿ ಆಂದ್ರಾಶಿ ಬೆಂಬಲಿಸಲು ಒಪ್ಪಿದ, ಆದರೆ ರೈಲು ಮತ್ತು ವ್ಯಾಪಾರದ ಷರತ್ತುಗಳಿಗೆ ಮೊದಲು ಸಹಿ ಹಾಕಿಸಿಕೊಂಡ. ಜುಲೈ 13ರ ಬರ್ಲಿನ್ ಒಪ್ಪಂದದಲ್ಲಿ ಸರ್ಬಿಯಾ ಸ್ವತಂತ್ರವಾಯಿತು. ನಿಶ್, ಪಿರೋಟ್, ವ್ರಾನ್ಯೆ, ಟೊಪ್ಲಿಟ್ಸಾ ಸೀಮೆಗಳು ಸೇರಿ ಸುಮಾರು 11,000 ಚದರ ಕಿಲೋಮೀಟರ್ ನೆಲ ದಕ್ಕಿತು. ಎಲ್ಲ ಧರ್ಮದವರಿಗೂ ಸಮಾನ ಹಕ್ಕು ಕೊಡಬೇಕೆಂಬುದು ಸ್ವಾತಂತ್ರ್ಯದ ಷರತ್ತು. ಹೊಸ ನೆಲದ ಪಾಲಿನ ಆಟೋಮನ್ ಸಾಲವನ್ನೂ ಹೊರಬೇಕಾಯಿತು.

ಯುದ್ಧ ಯಾರ ಬಿಡುಗಡೆಗಾಗಿ ಶುರುವಾಗಿತ್ತೋ ಆ ಬೋಸ್ನಿಯಾ ಮತ್ತು ಹರ್ಜೆಗೊವಿನಾ ಏನಾದವು? ಅವನ್ನು ಆಕ್ರಮಿಸಿ ಆಳುವ ಅಧಿಕಾರ ಆಸ್ಟ್ರಿಯಾ-ಹಂಗೆರಿಗೆ ಸಿಕ್ಕಿತು. ಈ ಯುದ್ಧಗಳಲ್ಲಿ ಒಂದು ಗುಂಡನ್ನೂ ಹಾರಿಸದೆ ದೊಡ್ಡ ಪಾಲು ಪಡೆದದ್ದು ಅದೇ.

ಬೆಲೆ ತೆತ್ತವರ ಪಟ್ಟಿಯಲ್ಲಿ ಇನ್ನೂ ಕೆಲವರಿದ್ದಾರೆ, ಶಾಲಾ ಪುಸ್ತಕಗಳು ಹೆಚ್ಚಾಗಿ ಬಿಟ್ಟುಬಿಡುವವರು. ಸರ್ಬಿಯಾದ ಸೈನ್ಯ ದಕ್ಷಿಣಕ್ಕೆ ಸಾಗಿದಂತೆ ನಿಶ್ ಮತ್ತು ಟೊಪ್ಲಿಟ್ಸಾ ಸೀಮೆಯ ಅಲ್ಬೇನಿಯನ್ ಮತ್ತು ತುರ್ಕ ಮುಸ್ಲಿಮರು ಹತ್ತಾರು ಸಾವಿರ ಸಂಖ್ಯೆಯಲ್ಲಿ ಓಡಿಹೋದರು, ಇಲ್ಲವೇ ಓಡಿಸಲ್ಪಟ್ಟರು. ಅವರಲ್ಲಿ ಬಹಳಷ್ಟು ಜನ ಕೊಸೊವೊದಲ್ಲಿ ನೆಲೆಯಾದರು. ಕಳೆದುಕೊಂಡ ಊರಿನ ಕಹಿ ಅವರ ಜೊತೆಗೇ ಹೋಯಿತು. ಕೊಸೊವೊದ ಮುಂದಿನ ಜಗಳಗಳನ್ನು ಓದುವಾಗ ಈ ವಲಸೆಯನ್ನು ಮರೆಯಬಾರದು.

ಹಾಗಾದರೆ ಉತ್ತರವನ್ನು ಒಟ್ಟುಗೂಡಿಸೋಣ. ಮಾಂಡಲಿಕ ರಾಜ್ಯವೊಂದು ಅಧಿರಾಜನ ಮೇಲೆ ಕತ್ತಿ ಎತ್ತಿದಾಗ ಕಣದಲ್ಲಿ ಇಬ್ಬರೇ ಇದ್ದಂತೆ ಕಾಣುತ್ತದೆ. ಸರ್ಬಿಯಾದ ವಿಷಯದಲ್ಲಿ ಫಲಿತಾಂಶ ಬರೆದವರು ಹೊರಗಿನವರು. ಸಣ್ಣವನ ಕೈಯಲ್ಲಿದ್ದದ್ದು ಯುದ್ಧ ಶುರುಮಾಡುವ ಶಕ್ತಿ, ಮುಗಿಸುವ ಶಕ್ತಿಯಲ್ಲ. ಸ್ವಾತಂತ್ರ್ಯಕ್ಕೆ ಸಹಿ ಹಾಕಿದವರೇ ಅದರ ಗಡಿಯನ್ನೂ ಷರತ್ತನ್ನೂ ಬರೆದರು.

ಷರತ್ತು ಅಲ್ಲಿಗೇ ಮುಗಿಯಲಿಲ್ಲ. 1881ರಲ್ಲಿ ಮಿಲಾನ್ ವಿಯೆನ್ನಾದ ಜೊತೆ ಗುಟ್ಟಾಗಿ ಒಂದು ಒಪ್ಪಂದ ಮಾಡಿಕೊಂಡ. ಆಸ್ಟ್ರಿಯಾ-ಹಂಗೆರಿಯೊಡನೆ ಮಾತಾಡಿಕೊಳ್ಳದೆ ಬೇರಾವ ದೇಶದೊಂದಿಗೂ ರಾಜಕೀಯ ಒಪ್ಪಂದ ಮಾಡಿಕೊಳ್ಳುವುದಿಲ್ಲ ಎಂಬ ಮಾತು ಅದರಲ್ಲಿತ್ತು. ಪ್ರತಿಯಾಗಿ, ಅವನು ರಾಜನೆಂಬ ಬಿರುದು ಧರಿಸಿದರೆ ಒಪ್ಪುವುದಾಗಿ ವಿಯೆನ್ನಾ ಹೇಳಿತು. 1882ರಲ್ಲಿ ಅವನು ರಾಜನಾದ. ಇಸ್ತಾಂಬುಲಿಗೆ ಕಪ್ಪ ನಿಂತು ನಾಲ್ಕು ವರ್ಷ ಆಗಿತ್ತು. ಕೇಳದೆ ಹೆಜ್ಜೆ ಇಡಬಾರದ ಹೊಸ ಯಜಮಾನ ಉತ್ತರದಲ್ಲಿ ಆಗಲೇ ಸಿಕ್ಕಿದ್ದ. ಆ ಯಜಮಾನನ ಕೈಸೇರಿದ್ದ ಬೋಸ್ನಿಯಾದ ಸರಾಯೆವೊ ನಗರದಲ್ಲೇ 1914ರ ಜೂನ್ 28ರಂದು ಆಸ್ಟ್ರಿಯಾದ ಯುವರಾಜನ ಮೇಲೆ ಗುಂಡು ಹಾರಿತು. ಮೊದಲ ಮಹಾಯುದ್ಧದ ಅಧ್ಯಾಯವನ್ನು ನೀವು ಆ ಗುಂಡಿನಿಂದ ಶುರುಮಾಡುವ ಬದಲು ಬರ್ಲಿನ್ ಒಪ್ಪಂದದಿಂದ ಶುರುಮಾಡಿ ಓದಿ. ಆ ಗುಂಡು ಬೋಸ್ನಿಯಾದಲ್ಲೇ ಹಾರಿದ್ದು ಯಾಕೆ, ಆಸ್ಟ್ರಿಯಾ ಕೂಡಲೇ ಸರ್ಬಿಯಾದ ಕಡೆ ತಿರುಗಿದ್ದು ಯಾಕೆ ಎಂಬೆರಡಕ್ಕೂ ಕಾರಣ ಆಗ ತಾನಾಗಿಯೇ ತಿಳಿಯುತ್ತದೆ.